ಮಳೆ ಅಳೆಯುವವರಿಲ್ಲದ ಊರಿಗೆ ಆಕಾಶದ ಕಣ್ಣು: ವಿಕ್ರಂ ಸಾರಾಭಾಯಿ ಬದುಕಿನ ಕಥೆ

ಹಿಂದೂಪುರ / ಕಲ್ಯಾಣದುರ್ಗ: ಹಿಂದೂಪುರ ಪೇಟೆಯಲ್ಲಿ ಜೋರು ಮಳೆ. ಲೇಪಾಕ್ಷಿ ದಾರಿ ಹಿಡಿದು ನಾಲ್ಕು ಮೈಲಿ ಹೋದರೆ ರಸ್ತೆಯಲ್ಲಿ ದೂಳು. ಕಲ್ಯಾಣದುರ್ಗದಲ್ಲಿ ಚರಂಡಿ ತುಂಬಿ ಹರಿದ ದಿನವೇ ಪಕ್ಕದ ಹಳ್ಳಿಯ ಕಡಲೆಕಾಯಿ ಹೊಲ ಬಾಯಿ ಬಿಟ್ಟುಕೊಂಡು ಕೂತಿರುತ್ತದೆ. ಎತ್ತಿನ ಒಂದು ಕೊಂಬು ತೋಯ್ದು ಇನ್ನೊಂದು ಕೊಂಬು ಒಣಗಿರುವಂಥ ಮಳೆ ನಮ್ಮದು. ಇದು ಈ ಗಡಿಯ ಎರಡೂ ಕಡೆಯವರಿಗೆ ಗೊತ್ತಿರುವ ಸಂಗತಿಯೇ.

ಆದರೆ ಸರ್ಕಾರದ ಪುಸ್ತಕಕ್ಕೆ ಇದು ಗೊತ್ತಾಗಬೇಕಲ್ಲ? ಪುಸ್ತಕಕ್ಕೆ ಗೊತ್ತಿರುವುದು ಮಳೆಮಾಪಕ ಹೇಳಿದ್ದಷ್ಟೇ. ಹಳೆಯ ಅನಂತಪುರ ಜಿಲ್ಲೆಯ ವಿಸ್ತೀರ್ಣ 19,130 ಚದರ ಕಿಲೋಮೀಟರು. ಮಂಡಲಗಳು 63. ಲೆಕ್ಕ ಹಾಕಿದರೆ ಒಂದು ಮಂಡಲಕ್ಕೆ ಸರಾಸರಿ 300 ಚದರ ಕಿಲೋಮೀಟರು ನೆಲ. ಇಷ್ಟು ನೆಲದ ಮಳೆಯನ್ನು ಒಂದು ಗೇಣಿಗಿಂತ ಕಿರಿದಾದ ಬಾಯಿಯ ಒಂದು ಡಬ್ಬಿ ಅಳೆಯಬೇಕು ಎಂದರೆ ತಪ್ಪುವುದು ಡಬ್ಬಿಯಲ್ಲ, ನಮ್ಮ ನಿರೀಕ್ಷೆ. ಮಂಡಲ ಕೇಂದ್ರದಲ್ಲಿ ಮಳೆ ಬಿದ್ದರೆ ಇಡೀ ಮಂಡಲಕ್ಕೇ ಮಳೆ ಬಿದ್ದಂತೆ ಬರೆಯಲಾಗುತ್ತದೆ. ಬರ ಘೋಷಣೆಗೂ ಬೆಳೆ ವಿಮೆಗೂ ಇಂಥ ಲೆಕ್ಕವೇ ಬೇಕಾಗುವುದರಿಂದ, ಕಾಗದದ ಮೇಲಿನ ಮಳೆ ಹೊಲಕ್ಕೆ ಬಾರದ ಮಳೆಗಿಂತ ಹೆಚ್ಚು ನೋವು ಕೊಡುವುದುಂಟು.

ನೆಲದ ಮೇಲೆ ಅಳತೆ ಮಾಡುವ ಉಪಕರಣ ಇಲ್ಲದ ಕಡೆ ಏನು ಮಾಡಬೇಕು? ಮೇಲಿನಿಂದ ನೋಡಬೇಕು. ಇವತ್ತು ಇದು ಸುಲಭದ ಉತ್ತರ. ಅರವತ್ತು ವರ್ಷಗಳ ಹಿಂದೆ, ದೇಶದಲ್ಲಿ ಸರಿಯಾಗಿ ಊಟಕ್ಕೆ ಇಲ್ಲದಿದ್ದ ಕಾಲದಲ್ಲಿ, ಈ ಉತ್ತರವನ್ನು ಹಿಡಿದು ಹಟ ಮಾಡಿದ ಒಬ್ಬರಿದ್ದರು. ಅವರೇ ವಿಕ್ರಂ ಸಾರಾಭಾಯಿ. ಅವರ ಹೆಸರು ಪಠ್ಯಪುಸ್ತಕದಲ್ಲಿ ಓದಿದವರು ಬಹಳ. ಆ ಹೆಸರಿಗೂ ನಮ್ಮ ಕಡಲೆಕಾಯಿ ಹೊಲಕ್ಕೂ ಇರುವ ನಂಟು ತಿಳಿದವರು ಕಡಿಮೆ.

ಗಿರಣಿ ಮನೆಯ ಮಗ

ವಿಕ್ರಂ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಗುಜರಾತಿನ ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಸಾರಾಭಾಯಿ ದೊಡ್ಡ ಬಟ್ಟೆ ಗಿರಣಿಗಳ ಮಾಲೀಕರು. ತಾಯಿ ಸರಳಾದೇವಿ. ಎಂಟು ಮಕ್ಕಳ ತುಂಬು ಸಂಸಾರ. ಮಕ್ಕಳಿಗಾಗಿ ಮನೆಯ ಆವರಣದಲ್ಲೇ ಶಾಲೆ ನಡೆಯುತ್ತಿತ್ತು. ಗಾಂಧೀಜಿ, ರವೀಂದ್ರನಾಥ ಠಾಕೂರರಂಥವರು ಬಂದು ಹೋಗುತ್ತಿದ್ದ ಮನೆ ಅದು.

ಹಣವಂತರ ಮನೆಯಾದರೂ ಅಲ್ಲಿ ಬಡವರ ಮಾತು ಹೊಸದಾಗಿರಲಿಲ್ಲ. ವಿಕ್ರಂ ಹುಟ್ಟುವ ಹಿಂದಿನ ವರ್ಷ, 1918ರಲ್ಲಿ, ಸೋದರತ್ತೆ ಅನಸೂಯಾ ಗಿರಣಿ ಕಾರ್ಮಿಕರ ಪರವಾಗಿ ನಿಂತಿದ್ದರು. ಎದುರಿಗಿದ್ದ ಮಾಲೀಕರಲ್ಲಿ ಸ್ವಂತ ತಮ್ಮ ಅಂಬಾಲಾಲ್ ಕೂಡ ಒಬ್ಬರು! ಗಾಂಧೀಜಿ ಆ ಮುಷ್ಕರದಲ್ಲಿ ಕಾರ್ಮಿಕರ ಬೆನ್ನಿಗಿದ್ದರು. ಇಂಥ ಮನೆಯಲ್ಲಿ ಬೆಳೆದ ಹುಡುಗ ವಿಜ್ಞಾನ ಕಲಿಯಲು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದ. ಅಲ್ಲಿ ಪದವಿ ಮುಗಿಯುವ ಹೊತ್ತಿಗೆ ಎರಡನೇ ಮಹಾಯುದ್ಧ ಶುರುವಾಗಿತ್ತು. 1940ರಲ್ಲಿ ವಿಕ್ರಂ ಭಾರತಕ್ಕೆ ಮರಳಿದರು.

ಬೆಂಗಳೂರಿನ ಐದು ವರ್ಷ

ಮರಳಿದವರು ಬಂದು ಸೇರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಕಡೆಯವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಕಡೆಗೆ. ಹಿಂದೂಪುರದಿಂದ ನೂರು ಕಿಲೋಮೀಟರಿನಷ್ಟೇ ದೂರ. ಗುರುಗಳು ನೊಬೆಲ್ ಪ್ರಶಸ್ತಿ ಪಡೆದ ಸರ್ ಸಿ.ವಿ. ರಾಮನ್. ಅದೇ ಸಂಸ್ಥೆಯಲ್ಲಿ ಹೋಮಿ ಭಾಭಾ ಕೂಡ ಇದ್ದರು. ಮುಂದೆ ದೇಶದ ಅಣುಶಕ್ತಿಗೆ ಒಬ್ಬರು, ಬಾಹ್ಯಾಕಾಶಕ್ಕೆ ಇನ್ನೊಬ್ಬರು ಎಂದು ಹೆಸರಾದ ಇಬ್ಬರೂ ಒಬ್ಬರಿಗೊಬ್ಬರು ಹತ್ತಿರವಾದದ್ದು ಬೆಂಗಳೂರಿನಲ್ಲೇ.

ಸಾರಾಭಾಯಿ ಹಿಡಿದ ವಿಷಯ ವಿಶ್ವಕಿರಣಗಳು. ಆಕಾಶದ ಆಳದಿಂದ ಹಗಲು ರಾತ್ರಿ ನಮ್ಮ ಮೇಲೆ ಸುರಿಯುವ ಕಣ್ಣಿಗೆ ಕಾಣದ ಕಣಗಳಿವು. ಇವು ಒಂದು ಹೊತ್ತಿನಲ್ಲಿ ಹೆಚ್ಚು, ಇನ್ನೊಂದು ಹೊತ್ತಿನಲ್ಲಿ ಕಡಿಮೆ ಬೀಳುವುದೇಕೆ ಎಂಬುದು ಅವರ ಪ್ರಶ್ನೆ. ಇದೂ ಒಂದು ಬಗೆಯಲ್ಲಿ ಮಳೆ ಅಳೆಯುವ ಕೆಲಸವೇ! ಉಪಕರಣ ಇಡಬೇಕು, ಬಿಡದೆ ಎಣಿಸಬೇಕು, ಬರೆದಿಡಬೇಕು.

ಎಣಿಸುತ್ತ ಹೋದಂತೆ ಒಂದು ತೊಡಕು ಎದುರಾಯಿತು. ತಲೆಯ ಮೇಲಿನ ಗಾಳಿಯ ಒತ್ತಡ ಹೆಚ್ಚು ಕಡಿಮೆಯಾದಂತೆ ಕೆಳಗೆ ತಲುಪುವ ಕಣಗಳ ಲೆಕ್ಕವೂ ಏರುಪೇರಾಗುತ್ತದೆ. ಹಾಗಾಗಿ ಹವಾಮಾನ ತಿಳಿಯದೆ ಈ ಲೆಕ್ಕ ಸರಿಹೋಗುವುದಿಲ್ಲ. ಒಂದೇ ಊರಿನ ಅಳತೆಯೂ ಸಾಲದು. 1943ರಲ್ಲಿ ಅವರು ಉಪಕರಣ ಹೊತ್ತು ಕಾಶ್ಮೀರದ ಬೆಟ್ಟಗಳಿಗೆ ಹೋದರು. ಅಳತೆ ಇಲ್ಲದ ಜಾಗಕ್ಕೆ ಅಳತೆ ಕೊಂಡೊಯ್ಯುವ ಅಭ್ಯಾಸ ಅವರಿಗೆ ಅಂಟಿಕೊಂಡದ್ದು ಈ ದಿನಗಳಲ್ಲೇ.

ನೃತ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರನ್ನು ಮದುವೆಯಾದದ್ದೂ ಇದೇ ಅವಧಿಯಲ್ಲಿ, 1942ರಲ್ಲಿ. ಯುದ್ಧ ಮುಗಿದ ಮೇಲೆ 1945ರಲ್ಲಿ ಮತ್ತೆ ಕೇಂಬ್ರಿಜ್‌ಗೆ ಹೋದ ಸಾರಾಭಾಯಿ 1947ರಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಬಂದರು.

ಹವಾಮಾನದ ಹಿರಿಯರನ್ನೇ ಕರೆತಂದರು

ದೇಶಕ್ಕೆ ಸ್ವಾತಂತ್ರ್ಯ ಬಂದ ಕೆಲವೇ ತಿಂಗಳಲ್ಲಿ, 1947ರ ನವೆಂಬರಿನಲ್ಲಿ, ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯ ಶುರುವಾಯಿತು. ಸ್ಥಾಪಿಸಿದ ಸಾರಾಭಾಯಿ ಅವರಿಗೆ ಆಗ 28 ವರ್ಷ. ತಾವೇ ನಿರ್ದೇಶಕರಾಗಬಹುದಿತ್ತು. ಆಗಲಿಲ್ಲ. ಹವಾಮಾನ ಇಲಾಖೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕೆಲಸ ಮಾಡಿ ನಿವೃತ್ತರಾದ ಕೆ.ಆರ್. ರಾಮನಾಥನ್ ಅವರನ್ನು ಮೊದಲ ನಿರ್ದೇಶಕರನ್ನಾಗಿ ಕರೆತಂದರು. ಮೋಡ, ಗಾಳಿ, ಮೇಲಿನ ವಾತಾವರಣದ ಅಧ್ಯಯನ ಅಲ್ಲಿ ಮೊದಲ ದಿನದಿಂದಲೇ ಸೇರಿಕೊಂಡಿತು.

ಗುಲ್ಮಾರ್ಗ್, ಕೊಡೈಕನಾಲ್, ತಿರುವನಂತಪುರಗಳಲ್ಲಿ ವಿಶ್ವಕಿರಣ ಅಳೆಯುವ ಕೇಂದ್ರಗಳಾದವು. ಜೊತೆಜೊತೆಗೇ ಸಾರಾಭಾಯಿ ಬಟ್ಟೆ ಉದ್ಯಮದ ಸಂಶೋಧನಾ ಸಂಘ ಕಟ್ಟಿದರು. ಅಹಮದಾಬಾದಿನ ಐಐಎಂ 1961ರಲ್ಲಿ ಶುರುವಾದದ್ದರ ಹಿಂದೆಯೂ ಅವರ ಕೈಯಿತ್ತು. ಒಬ್ಬರೇ ಇಷ್ಟು ಕೆಲಸ ಮೈಮೇಲೆ ಹಾಕಿಕೊಳ್ಳುವುದು ಸರಿಯೇ ಎಂದು ಆಪ್ತರು ಚಿಂತೆಪಡುತ್ತಿದ್ದ ಕಾಲ ಅದು.

ಚರ್ಚಿನಲ್ಲಿ ಕಚೇರಿ, ಸೈಕಲ್ಲಿನ ಮೇಲೆ ರಾಕೆಟ್

1957ರಲ್ಲಿ ರಷ್ಯಾ ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿಸಿತು. 1960ರ ಏಪ್ರಿಲ್ 1ರಂದು ಅಮೆರಿಕ ಟೈರೋಸ್-1 ಎಂಬ ಉಪಗ್ರಹ ಹಾರಿಸಿತು. ಅದು ಕೆಲಸ ಮಾಡಿದ್ದು 78 ದಿನ ಮಾತ್ರ. ಆದರೆ ಮೋಡಗಳನ್ನು ಮೇಲಿನಿಂದ ನೋಡಿ ಚಿತ್ರ ಕಳಿಸಿದ ಮೊದಲ ಹವಾಮಾನ ಉಪಗ್ರಹ ಅದೇ. ಯಾರೂ ವಾಸವಿಲ್ಲದ ನಡುಸಮುದ್ರದ ಬಿರುಗಾಳಿ ಕೂಡ ಇನ್ನು ಬಚ್ಚಿಟ್ಟುಕೊಳ್ಳಲಾಗದು ಎಂದು ಜಗತ್ತಿಗೆ ಅರ್ಥವಾಯಿತು.

ಭಾರತಕ್ಕೆ ಇದರ ಬೆಲೆ ಬೇರೆ ದೇಶಗಳಿಗಿಂತ ಹೆಚ್ಚು. ನಮ್ಮ ಮುಂಗಾರು ಹುಟ್ಟಿ ಬರುವುದು ಹಿಂದೂ ಮಹಾಸಾಗರದ ಮೇಲಿನಿಂದ. ಸಾಗರದ ಮೇಲೆ ಮಳೆಮಾಪಕ ನೆಡಲು ಬರುತ್ತದೆಯೇ? ಹಡಗುಗಳು ಹೋಗುವ ದಾರಿಯಲ್ಲಿ ಮಾತ್ರ ಒಂದಿಷ್ಟು ಅಳತೆ, ಉಳಿದದ್ದೆಲ್ಲ ಕತ್ತಲು.

1962ರಲ್ಲಿ ಭಾಭಾ ಅವರ ಬೆಂಬಲದಿಂದ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ರಚನೆಯಾಯಿತು. ಸಾರಾಭಾಯಿ ಅಧ್ಯಕ್ಷರು. ಕೇರಳದ ತಿರುವನಂತಪುರದ ಬಳಿ, ಭೂಮಿಯ ಕಾಂತೀಯ ಸಮಭಾಜಕ ರೇಖೆ ಹಾದುಹೋಗುವ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ರಾಕೆಟ್ ಹಾರಿಸಲು ಆರಿಸಿಕೊಂಡರು. ಅಲ್ಲಿದ್ದ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚನ್ನೂ ಜಾಗವನ್ನೂ ಊರವರು ಮತ್ತು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಬಿಟ್ಟುಕೊಟ್ಟರು. ಚರ್ಚೇ ಕಚೇರಿ, ಕಾರ್ಯಾಗಾರ ಎಲ್ಲ ಆಯಿತು. ರಾಕೆಟ್ಟಿನ ಭಾಗಗಳು ಸೈಕಲ್ಲಿನ ಮೇಲೆ ಹೋಗುತ್ತಿದ್ದ ಫೋಟೋ ನೀವೂ ನೋಡಿರಬಹುದು.

1963ರ ನವೆಂಬರ್ 21ರ ಸಂಜೆ ಅಮೆರಿಕದಿಂದ ಬಂದ ನೈಕಿ-ಅಪಾಚೆ ರಾಕೆಟ್ ತುಂಬಾದಿಂದ ಮೇಲೇರಿತು. ಎತ್ತರದಲ್ಲಿ ಅದು ಸೋಡಿಯಂ ಆವಿ ಬಿಟ್ಟಿತು. ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡ ಹರಡಿತು. ಆ ಮೋಡ ಯಾವ ಕಡೆಗೆ ಎಷ್ಟು ವೇಗವಾಗಿ ಸರಿಯುತ್ತದೆ ಎಂದು ನೋಡಿ ಅಷ್ಟು ಎತ್ತರದ ಗಾಳಿಯನ್ನು ಅಳೆದರು. ನೋಡಿ, ನಮ್ಮ ನೆಲದಿಂದ ಬಾಹ್ಯಾಕಾಶಕ್ಕೆ ಹೋದ ಮೊದಲ ರಾಕೆಟ್ ಮಾಡಿದ ಕೆಲಸವೂ ಗಾಳಿಯ ಅಳತೆಯೇ! ಹವಾಮಾನ ಇಲಾಖೆಯ ಬಲೂನುಗಳು ಸುಮಾರು 30 ಕಿಲೋಮೀಟರಿನವರೆಗೆ ಹೋಗಿ ಒಡೆಯುತ್ತವೆ. ಅದರಾಚೆಯ ಗಾಳಿ, ತಾಪಮಾನ ತಿಳಿಯಲು 1970ರಿಂದ ರಷ್ಯಾದ ಎಂ-100 ರಾಕೆಟ್‌ಗಳನ್ನು ತುಂಬಾದಿಂದ ವಾರಕ್ಕೊಂದರಂತೆ ಹಾರಿಸುವ ಏರ್ಪಾಡಾಯಿತು.

ಬರಗಾಲದಲ್ಲಿ ರಾಕೆಟ್ಟೇ?

1965 ಮತ್ತು 1966 ದೇಶಕ್ಕೆ ಕೆಟ್ಟ ವರ್ಷಗಳು. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತು. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ಊಟ ಎಂಬ ಸ್ಥಿತಿ. ನಮ್ಮ ಕಡೆಯ ಹಿರಿಯರಿಗೆ ಆ ದಿನಗಳ ನೆನಪು ಇನ್ನೂ ಇರಬಹುದು. ಇಂಥ ಹೊತ್ತಿನಲ್ಲಿ ರಾಕೆಟ್ಟಿಗೆ, ಉಪಗ್ರಹಕ್ಕೆ ದುಡ್ಡು ಸುರಿಯಬೇಕೇ ಎಂದು ಕೇಳಿದವರು ಬಹಳ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸಾರಾಭಾಯಿ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಶ್ರೀಮಂತ ದೇಶಗಳ ಜೊತೆ ಚಂದ್ರನ ಮೇಲೆ ಓಡುವ ಪಂದ್ಯ ನಮಗೆ ಬೇಡ ಎಂಬುದು ಅವರ ನಿಲುವು. ಆದರೆ ಹವಾಮಾನ ತಿಳಿಯಲು, ಹಳ್ಳಿಗೆ ಶಿಕ್ಷಣ ತಲುಪಿಸಲು, ಭೂಮಿಯ ನೀರು-ಬೆಳೆಗಳ ಲೆಕ್ಕ ಇಡಲು ಉಪಗ್ರಹ ಬೇಕೇ ಬೇಕು ಎಂದು ವಾದಿಸಿದರು. ಶ್ರೀಮಂತ ದೇಶಕ್ಕೆ ಊರಿಗೊಂದು ಹವಾಮಾನ ಕೇಂದ್ರ ಇಟ್ಟು, ದಿನಾ ನೋಡಿಕೊಳ್ಳಲು ಜನರನ್ನು ನೇಮಿಸುವ ಶಕ್ತಿ ಇದೆ. ಬಡ ದೇಶಕ್ಕೆ ಅದಾಗದು. ಹಾಗಾಗಿ ಮೇಲಿನಿಂದ ಒಂದೇ ಸಲಕ್ಕೆ ಇಡೀ ದೇಶ ನೋಡುವ ಕಣ್ಣು ಹೆಚ್ಚು ಬೇಕಾಗಿರುವುದು ಬಡವನಿಗೇ. ಅವರ ಇಡೀ ಕೆಲಸದ ತಿರುಳು ಇಷ್ಟು.

1966ರ ಜನವರಿಯಲ್ಲಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಣುಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿ ಹೆಗಲಿಗೆ ಬಂತು. 1968ರಲ್ಲಿ ವಿಯೆನ್ನಾದಲ್ಲಿ ನಡೆದ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮ್ಮೇಳನದ ವೈಜ್ಞಾನಿಕ ಅಧ್ಯಕ್ಷತೆ ಅವರದು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಜೊತೆ ಒಂದು ಒಪ್ಪಂದವಾಯಿತು. ಅದರ ಫಲವಾಗಿ 1975-76ರಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ಕನ್ನಡದಲ್ಲೂ ತೆಲುಗಿನಲ್ಲೂ ಕಾರ್ಯಕ್ರಮಗಳಿದ್ದವು. ಗುಲ್ಬರ್ಗ, ಬಿಜಾಪುರ, ರಾಯಚೂರು ಕಡೆಯ ಹಳ್ಳಿಗರು ಪಟ್ಟಣದವರಿಗಿಂತ ಮೊದಲೇ ಟಿವಿ ಕಂಡದ್ದು ಹೀಗೆ.

ತೆಂಗಿನ ಮರದಿಂದ ಕಲಿತ ಪಾಠ

1967ರಲ್ಲಿ ಸಾರಾಭಾಯಿ ಇನ್ನೊಬ್ಬ ಹವಾಮಾನ ತಜ್ಞರನ್ನು ಅಹಮದಾಬಾದಿಗೆ ಕರೆತಂದರು. ಅವರು ಪಿ.ಆರ್. ಪಿಷಾರೊಟಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದವರು. ದೂರದಿಂದಲೇ ನೆಲವನ್ನು ಓದುವ ವಿದ್ಯೆಗೆ, ಅಂದರೆ ದೂರಸಂವೇದಿ ತಂತ್ರಕ್ಕೆ, ಭಾರತದಲ್ಲಿ ಬುನಾದಿ ಹಾಕಿದವರು ಇವರೇ.

ಕೇರಳದಲ್ಲಿ ಆಗ ತೆಂಗಿಗೆ ಬೇರು ಸೊರಗು ರೋಗ ಬಿದ್ದಿತ್ತು. ಪಿಷಾರೊಟಿ ತಂಡ ಹೆಲಿಕಾಪ್ಟರಿನಿಂದ ವಿಶೇಷ ಫಿಲಂ ಬಳಸಿ ತೋಟಗಳ ಫೋಟೋ ತೆಗೆಯಿತು. ಹಸಿರು ಎಲೆ ಹಸಿರು ಬೆಳಕಿಗಿಂತ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೆಚ್ಚು ಹಿಂದಕ್ಕೆ ಎಸೆಯುತ್ತದೆ. ಎಲೆ ಸೊರಗಿದರೆ ಅದು ಕಡಿಮೆಯಾಗುತ್ತದೆ. ಈ ಫಿಲಮ್ಮಿನಲ್ಲಿ ಆರೋಗ್ಯದ ಮರ ಕೆಂಪಗೆ ಕಾಣುತ್ತದೆ, ರೋಗದ ಮರ ಬೇರೆ ಬಣ್ಣಕ್ಕೆ ತಿರುಗುತ್ತದೆ. ಮರ ಹತ್ತಿ ನೋಡದೆಯೇ ಮರದ ಆರೋಗ್ಯ ತಿಳಿಯಿತು! ಭಾರತದ ದೂರಸಂವೇದಿ ಚರಿತ್ರೆ ಶುರುವಾಗುವುದು ಈ ತೆಂಗಿನ ತೋಟದಿಂದ.

ಕೋವಳಂನ ಆ ರಾತ್ರಿ

ಉಪಗ್ರಹ ಹಾರಿಸಲು ಪೂರ್ವ ಕರಾವಳಿಯೇ ಬೇಕಿತ್ತು. ಭೂಮಿ ತಿರುಗುವ ದಿಕ್ಕಿಗೇ ರಾಕೆಟ್ ಹಾರಿದರೆ ಅದಕ್ಕೆ ವೇಗದ ಲಾಭ, ಕೆಳಗೆ ಸಮುದ್ರವಿದ್ದರೆ ಜನರಿಗೆ ಅಪಾಯವಿಲ್ಲ. ನಮ್ಮ ರಾಜ್ಯದ ಶ್ರೀಹರಿಕೋಟಾ ದ್ವೀಪವನ್ನು ಆರಿಸಿದ್ದು ಸಾರಾಭಾಯಿ ಕಾಲದಲ್ಲೇ. 1971ರ ಅಕ್ಟೋಬರ್ 9ರಂದು ಅಲ್ಲಿಂದ ಮೊದಲ ಸಣ್ಣ ರಾಕೆಟ್ ರೋಹಿಣಿ-125 ಹಾರಿತು.

ಮೂರು ತಿಂಗಳೂ ಆಗಿರಲಿಲ್ಲ. ತುಂಬಾದ ಕೆಲಸಕ್ಕೆಂದು ಕೇರಳಕ್ಕೆ ಹೋಗಿದ್ದ ಸಾರಾಭಾಯಿ 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ನಿದ್ದೆಯಲ್ಲೇ ಕೊನೆಯುಸಿರೆಳೆದರು. ವಯಸ್ಸು 52. ಅವರು ಕನಸು ಕಂಡ ಒಂದೇ ಒಂದು ಉಪಗ್ರಹವನ್ನೂ ಅವರು ನೋಡಲಿಲ್ಲ. 1966ರಲ್ಲಿ ಪದ್ಮಭೂಷಣ ಕೊಟ್ಟಿದ್ದ ಸರ್ಕಾರ 1972ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಅನಂತಪುರದ ನಂಟು

ಇನ್ನು ನಮ್ಮ ಜಿಲ್ಲೆಯ ಮಾತು. ಸಾರಾಭಾಯಿ ಕೈಕೆಳಗೆ ಡಾಕ್ಟರೇಟ್ ಮಾಡಿದವರಲ್ಲಿ ಒಬ್ಬರು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. ಈ ಕನ್ನಡಿಗರು ಬಿಎಸ್ಸಿ ಓದಿದ್ದು ಎಲ್ಲಿ ಗೊತ್ತೇ? ನಮ್ಮ ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ! ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ತಂಡದ ಮುಖ್ಯಸ್ಥರು ಇವರೇ. 1975ರ ಏಪ್ರಿಲ್ 19ರಂದು ರಷ್ಯಾದ ರಾಕೆಟ್ ಅದನ್ನು ಕಕ್ಷೆಗೆ ಸೇರಿಸಿತು. 1979ರ ಜೂನ್ 7ರಂದು ಹಾರಿದ ಭಾಸ್ಕರ-1ರಲ್ಲಿ ಸಾಗರದ ಮೇಲಿನ ಗಾಳಿಯಲ್ಲಿ ಎಷ್ಟು ನೀರಾವಿ ಇದೆ ಎಂದು ನೋಡುವ ಉಪಕರಣವಿತ್ತು.

ಇನ್ನೊಂದು ನಂಟು ಇದಕ್ಕಿಂತ ಹತ್ತಿರದ್ದು. 1974-75ರಲ್ಲಿ ಇಸ್ರೋ ಮತ್ತು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಸೇರಿ ಒಂದು ಪ್ರಯೋಗ ನಡೆಸಿದವು. ಅದರ ಹೆಸರು ಅರೈಸ್. ಊರೂರು ತಿರುಗದೆ, ಆಕಾಶದಿಂದ ತೆಗೆದ ಫೋಟೋ ನೋಡಿ ಯಾವ ಬೆಳೆ ಎಷ್ಟು ನೆಲದಲ್ಲಿದೆ ಎಂದು ಲೆಕ್ಕ ಹಾಕಬಹುದೇ ಎಂಬ ಪರೀಕ್ಷೆ. ಇದಕ್ಕೆ ಇಡೀ ದೇಶದಲ್ಲಿ ಆರಿಸಿದ್ದು ಎರಡೇ ಜಿಲ್ಲೆಗಳನ್ನು. ಒಂದು ನೀರಾವರಿಯ ಪಂಜಾಬಿನ ಪಟಿಯಾಲ. ಇನ್ನೊಂದು ಮಳೆ ನಂಬಿದ ನಮ್ಮ ಅನಂತಪುರ.

ತೆಂಗಿನ ತೋಟದಲ್ಲಿ ಕಲಿತ ಅದೇ ಅವಗೆಂಪು ಫೋಟೋ ವಿದ್ಯೆ ಇಲ್ಲಿ ಜಿಲ್ಲೆಯ ಅಳತೆಗೆ ಬಂತು. ಉಪಗ್ರಹದಿಂದ ದೇಶದ ಬೆಳೆ ನೋಡುವ ಮುಂದಿನ ಕೆಲಸಕ್ಕೆ ಈ ಎರಡು ಜಿಲ್ಲೆಗಳೇ ಮೊದಲ ಪಾಠಶಾಲೆ. 1988ರ ಮಾರ್ಚ್ 17ರಂದು ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿತು. 1980ರ ದಶಕದ ಕೊನೆಗೆ ಉಪಗ್ರಹ ಚಿತ್ರಗಳಿಂದ ಬೆಳೆಯ ಹಸಿರು ನೋಡಿ ಬರ ಗುರುತಿಸುವ ರಾಷ್ಟ್ರೀಯ ಯೋಜನೆ ಹೈದರಾಬಾದಿನಿಂದ ಶುರುವಾಯಿತು.

ಒಂದೇ ಉಪಗ್ರಹ, ಮೂರು ಕೆಲಸ

ಫೋನು, ಟಿವಿ, ಹವಾಮಾನ ಮೂರನ್ನೂ ಒಂದೇ ಉಪಗ್ರಹದಲ್ಲಿ ಸೇರಿಸುವ ಯೋಚನೆ ರೂಪುಗೊಂಡದ್ದೂ ಸಾರಾಭಾಯಿ ಕಾಲದಲ್ಲೇ. ಬಡವರ ಮನೆಯಲ್ಲಿ ಒಂದೇ ಪಾತ್ರೆಯಲ್ಲಿ ಮೂರು ಅಡುಗೆ ಮಾಡಿದ ಹಾಗೆ! 1982ರ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೆಟ್ಟಿತು. 1983ರ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಗೆದ್ದಿತು. ದೂರದರ್ಶನದ ವಾರ್ತೆಯ ಕೊನೆಯಲ್ಲಿ ಭಾರತದ ನಕ್ಷೆಯ ಮೇಲೆ ಬಿಳಿ ಮೋಡಗಳನ್ನು ತೋರಿಸುತ್ತಿದ್ದದ್ದು ನೆನಪಿದೆಯಲ್ಲ? ಅದು ಇನ್ಸಾಟ್ ಕೊಟ್ಟ ಚಿತ್ರ.

ಲಾಭ ಮೊದಲು ಕಂಡದ್ದು ಕರಾವಳಿಯಲ್ಲಿ. 1977ರ ನವೆಂಬರಿನಲ್ಲಿ ದಿವಿಸೀಮೆಗೆ ಅಪ್ಪಳಿಸಿದ ಚಂಡಮಾರುತ ಆಂಧ್ರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಮುಂದೆ ಇನ್ಸಾಟ್ ಮೂಲಕವೇ ಎಚ್ಚರಿಕೆ ಕಳಿಸುವ ವ್ಯವಸ್ಥೆ ಬಂತು. 2013ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಬಡಿದ ಫೈಲಿನ್ ಭಾರಿ ಚಂಡಮಾರುತವಾಗಿದ್ದರೂ ಲಕ್ಷಾಂತರ ಜನರನ್ನು ಮೊದಲೇ ಬೇರೆಡೆಗೆ ಸಾಗಿಸಿದ್ದರಿಂದ ಸಾವು ಹತ್ತಾರರಲ್ಲೇ ನಿಂತಿತು.

2002ರ ಸೆಪ್ಟೆಂಬರ್ 12ರಂದು ಹವಾಮಾನಕ್ಕೆಂದೇ ಮೀಸಲಾದ ಉಪಗ್ರಹ ಶ್ರೀಹರಿಕೋಟಾದಿಂದ ಹಾರಿತು. ಗಗನಯಾತ್ರಿ ಕಲ್ಪನಾ ಚಾವ್ಲಾ ತೀರಿಕೊಂಡ ಮೇಲೆ 2003ರಲ್ಲಿ ಅದಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು. ಮುಂದೆ 2013ರಲ್ಲಿ ಇನ್ಸಾಟ್-3ಡಿ, 2016ರಲ್ಲಿ ಇನ್ಸಾಟ್-3ಡಿಆರ್, 2024ರ ಫೆಬ್ರವರಿ 17ರಂದು ಇನ್ಸಾಟ್-3ಡಿಎಸ್ ಬಂದವು.

ಕಣ್ಣು ಕಾಣುವುದೆಷ್ಟು? ಕಾಣದ್ದೆಷ್ಟು?

ಇನ್ಸಾಟ್ ಇರುವುದು 36,000 ಕಿಲೋಮೀಟರು ಎತ್ತರದಲ್ಲಿ. ಭೂಮಿಯ ವೇಗಕ್ಕೇ ಸುತ್ತುವುದರಿಂದ ನಮ್ಮ ತಲೆಯ ಮೇಲಿನಿಂದ ಕದಲುವುದೇ ಇಲ್ಲ. ರಾತ್ರಿಯೂ ಮೋಡದ ತಲೆ ಎಷ್ಟು ತಣ್ಣಗಿದೆ ಎಂದು ಅವಗೆಂಪು ಕಣ್ಣಿನಿಂದ ನೋಡುತ್ತದೆ. ಮೋಡ ಎತ್ತರ ಬೆಳೆದಷ್ಟೂ ತಲೆ ತಣ್ಣಗೆ. ತಣ್ಣಗಿದ್ದರೆ ಕೆಳಗೆ ಮಳೆ ಇರಬಹುದು ಎಂಬ ಊಹೆಯ ಮೇಲೆ ಮಳೆಯ ಅಂದಾಜು. ಇನ್ಸಾಟ್-3ಡಿ ಮಾದರಿಯ ಉಪಗ್ರಹ ಅವಗೆಂಪಿನಲ್ಲಿ ನೋಡುವ ಒಂದು ಚೌಕ ಸುಮಾರು 4 ಕಿಲೋಮೀಟರು ಉದ್ದಗಲದ್ದು. ಅಂದರೆ ನಮ್ಮ ಒಂದು ಮಂಡಲದಲ್ಲಿ ಅಂಥ ಹದಿನೆಂಟು, ಹತ್ತೊಂಬತ್ತು ಚೌಕಗಳು. ಒಂದು ಡಬ್ಬಿಯ ಜಾಗದಲ್ಲಿ ಇಷ್ಟು!

ಆದರೆ ಇದು ಅಂದಾಜು ಎಂಬುದನ್ನು ಮರೆಯಬಾರದು. ತಣ್ಣನೆಯ ತೆಳು ಮೋಡ ಹನಿ ಉದುರಿಸದೆ ಹೋಗಬಹುದು. ತಗ್ಗಿನ ಬೆಚ್ಚಗಿನ ಮೋಡ ಚೆನ್ನಾಗಿ ಸುರಿದರೂ ಉಪಗ್ರಹಕ್ಕೆ ತಿಳಿಯದೆ ಹೋಗಬಹುದು. ಮೋಡದೊಳಗಿನ ಹನಿಯನ್ನೇ ಕಾಣಬಲ್ಲ ಮೈಕ್ರೋವೇವ್ ಕಣ್ಣಿನ ಉಪಗ್ರಹಗಳೂ ಇವೆ. 1997ರಲ್ಲಿ ಅಮೆರಿಕ-ಜಪಾನ್ ಹಾರಿಸಿದ ಟಿಆರ್‌ಎಂಎಂ, 2011ರಲ್ಲಿ ಭಾರತ-ಫ್ರಾನ್ಸ್ ಹಾರಿಸಿದ ಮೇಘಾ-ಟ್ರಾಪಿಕ್ಸ್ ಕೆಲಸ ಮುಗಿಸಿವೆ. 2014ರಲ್ಲಿ ಹೋದ ಜಿಪಿಎಂ ಇವುಗಳ ಮುಂದಿನ ಪೀಳಿಗೆ. ಇವು ತೀರ ಕೆಳಗಿನ ಕಕ್ಷೆಯವು. ಒಂದೇ ಊರಿನ ಮೇಲೆ ಕೂತು ಕಾಯುವುದಿಲ್ಲ, ಹಾದು ಹೋಗುವಾಗ ಮಾತ್ರ ನೋಡುತ್ತವೆ. ಎಲ್ಲವನ್ನೂ ಸೇರಿಸಿ ಅರ್ಧ ಗಂಟೆಗೊಮ್ಮೆ ಕೊಡುವ ಜಾಗತಿಕ ಮಳೆ ಲೆಕ್ಕದ ಚೌಕ ಸುಮಾರು 11 ಕಿಲೋಮೀಟರಿನದು. ಎತ್ತಿನ ಎರಡು ಕೊಂಬಿನ ವ್ಯತ್ಯಾಸ ಅದಕ್ಕೆ ಎಲ್ಲಿ ಕಾಣಬೇಕು?

ಹಾಗಾದರೆ ಸರಿ ತಪ್ಪು ತಿದ್ದುವವರು ಯಾರು? ಮತ್ತೆ ಅದೇ ಮಳೆಮಾಪಕ. ನೆಲದ ಅಳತೆಯ ಜೊತೆ ಹೋಲಿಸಿಯೇ ಉಪಗ್ರಹದ ಅಂದಾಜನ್ನು ತಿದ್ದುತ್ತಾರೆ. ಮಳೆಮಾಪಕ ಹೆಚ್ಚಿದ್ದಷ್ಟೂ ಆಕಾಶದ ಕಣ್ಣು ಚುರುಕು. ಮಳೆಮಾಪಕವೇ ಇಲ್ಲದ ಊರಿಗೆ ಉಪಗ್ರಹ ಅತ್ಯಗತ್ಯ. ಆದರೆ ಅದರ ಮಾತನ್ನು ಒರೆಗೆ ಹಚ್ಚಿ ನೋಡುವುದು ಕಷ್ಟವಾಗುವುದೂ ಅಲ್ಲಿಯೇ. ಬೆಂಗಳೂರಿನಲ್ಲಿ ವಿಶ್ವಕಿರಣ ಎಣಿಸುತ್ತ ಗಾಳಿಯ ಒತ್ತಡದ ಲೆಕ್ಕವನ್ನೂ ತಿದ್ದುತ್ತಿದ್ದ ಸಾರಾಭಾಯಿ ಅವರಿಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ.

ರೈತನಿಗೆ ಏನು ಬಂತು?

ಮಳೆ ಲೆಕ್ಕದ ಮೇಲೆ ಪರಿಹಾರ ಕೊಡುವ ವಿಮೆಯ ಮೊದಲ ಪ್ರಯೋಗ 2003ರಲ್ಲಿ ಆಗಿನ ಆಂಧ್ರದ ಮಹಬೂಬ್‌ನಗರ ಜಿಲ್ಲೆಯಲ್ಲಿ, ಕಡಲೆಕಾಯಿ ಮತ್ತು ಹರಳು ಬೆಳೆಗಾರರ ನಡುವೆ ನಡೆಯಿತು. 2007ರ ಮುಂಗಾರಿನಲ್ಲಿ ಹವಾಮಾನ ಆಧರಿತ ಬೆಳೆ ವಿಮೆ ಕರ್ನಾಟಕದ ಹೋಬಳಿಗಳಲ್ಲಿ ಶುರುವಾಯಿತು. ಇಂಥ ವಿಮೆಯಲ್ಲಿ ರೈತನ ಹೊಲಕ್ಕೆ ಯಾರೂ ಬರುವುದಿಲ್ಲ. ಗೊತ್ತುಪಡಿಸಿದ ಹವಾಮಾನ ಕೇಂದ್ರ ಹೇಳಿದ ಮಿಲಿಮೀಟರೇ ಕೊನೆಯ ಮಾತು. ಕೇಂದ್ರದಲ್ಲಿ ಮಳೆ ಬಿದ್ದು ಹೊಲದಲ್ಲಿ ಬೀಳದಿದ್ದರೆ ನಷ್ಟ ರೈತನದು. ಹಾಗಾಗಿ ಅಳತೆ ಹತ್ತಿರ ಬಂದಷ್ಟೂ ನ್ಯಾಯ ಹತ್ತಿರ ಬರುತ್ತದೆ.

ಗಡಿಯಾಚೆ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ತಾನಾಗಿಯೇ ಲೆಕ್ಕ ಕಳಿಸುವ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟರು. 2023ರಲ್ಲಿ ಕೇಂದ್ರ ಕೃಷಿ ಸಚಿವಾಲಯ ವಿಂಡ್ಸ್ ಎಂಬ ಯೋಜನೆ ಪ್ರಕಟಿಸಿತು. ದೇಶದ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಬ್ಲಾಕ್ ಮಟ್ಟದಲ್ಲಿ ಹವಾಮಾನ ಕೇಂದ್ರ ಇಡುವುದು ಅದರ ಗುರಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಭಾರತ-ಅಮೆರಿಕದ ನಿಸಾರ್ ಉಪಗ್ರಹ ಮಣ್ಣಿನ ತೇವವನ್ನೂ ನೋಡಬಲ್ಲದು. ನಾವು ಕನ್ನಡದಲ್ಲಿ ಹದ ಎನ್ನುವ, ತೆಲುಗಿನಲ್ಲಿ ಪದುನು ಎನ್ನುವ ಸಂಗತಿಯನ್ನೇ ಬಾನಿನಿಂದ ಅಳೆಯುವ ಪ್ರಯತ್ನ ಅದು. ಬಿತ್ತುವವನಿಗೆ ಬಿದ್ದ ಮಳೆಗಿಂತ ನಿಂತ ಹದ ಮುಖ್ಯ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

2022ರಲ್ಲಿ ನಮ್ಮ ಜಿಲ್ಲೆ ಎರಡಾಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮೋಡಕ್ಕೆ ಈ ಗೆರೆ ಗೊತ್ತಿಲ್ಲ. ಉಪಗ್ರಹಕ್ಕೂ ಪಾವಗಡ ಯಾವುದು, ಮಡಕಶಿರಾ ಯಾವುದು ಎಂಬ ಭೇದವಿಲ್ಲ.

2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನಮ್ಮ ನೌಕೆಗೆ ವಿಕ್ರಂ ಎಂದೇ ಹೆಸರು. ಚಂದ್ರನಿಗಾಗಿ ಪಂದ್ಯ ಬೇಡ ಎಂದಿದ್ದವರ ಹೆಸರು ಚಂದ್ರನ ಮೇಲೆಯೇ ಉಳಿಯಿತು. ಸಂತೋಷವೇ. ಆದರೆ ಅವರಿಗೆ ಸಲ್ಲಬೇಕಾದ ನಿಜವಾದ ಗೌರವ ಇಲ್ಲೇ ಕೆಳಗಿದೆ. ನಿಮ್ಮ ಪಂಚಾಯಿತಿಯಲ್ಲಿ ಮಳೆಮಾಪಕ ಇದೆಯೇ, ಅದರ ಬಾಯಿಗೆ ಮರದ ಕೊಂಬೆ ಅಡ್ಡ ಬಂದಿದೆಯೇ, ಲೆಕ್ಕ ದಿನಾ ಹೋಗುತ್ತಿದೆಯೇ ಎಂದು ಒಮ್ಮೆ ಹೋಗಿ ನೋಡಿ. ಇಲ್ಲವಾದರೆ ಗ್ರಾಮಸಭೆಯಲ್ಲಿ ಕೇಳಿ. ಮೇಲಿನ ಕಣ್ಣು ತೆರೆದೇ ಇದೆ, ಕೆಳಗಿನ ಅಳತೆ ನಮ್ಮ ಕೈಯಲ್ಲಿದೆ.